ಎಲುಬು ಮುರಿದರೆ: ಬಿದ್ದ ಗಳಿಗೆಯಿಂದ ರಾಡ್ ತೆಗೆಸುವವರೆಗೆ ಮಾಡಬೇಕಾದದ್ದು, ಮಾಡಬಾರದ್ದು

ಪಟ್ಟಿ ಯಾವಾಗ ಬಿಚ್ಚಿಸಬೇಕು, ಎಲುಬು ಕೂಡಲಿಕ್ಕೆ ಎಷ್ಟು ದಿನ ಬೇಕು, ಒಳಗಿರುವ ರಾಡನ್ನು ಹಾಗೆಯೇ ಬಿಟ್ಟರೆ ತೊಂದರೆಯೇ? ದಾವಣಗೆರೆಯಲ್ಲಿ ಕೀಲು ಮತ್ತು ಮೂಳೆ ರೋಗಿಗಳಿಗೆ ಫಿಸಿಯೋಥೆರಪಿ ಕೊಡುವ ನನಗೆ ಈ ಮೂರು ಪ್ರಶ್ನೆಗಳು ಎದುರಾಗದ ದಿನವಿಲ್ಲ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವ ಬದಲು, ಬಿದ್ದ ಕ್ಷಣದಿಂದ ಕೊನೆಯ ಎಕ್ಸ್‌ರೇವರೆಗಿನ ದಾರಿಯನ್ನು ಒಂದೇ ಕಡೆ ಬರೆದಿಡುವುದು ಮೇಲೆನಿಸಿತು. ಓದುವ ಮೊದಲು ಒಂದು ಮಾತು ನೆನಪಿಟ್ಟುಕೊಳ್ಳಿ. ಎಲುಬನ್ನು ಕೂಡಿಸುವುದು ವೈದ್ಯರಲ್ಲ, ಪಟ್ಟಿಯೂ ಅಲ್ಲ, ರಾಡೂ ಅಲ್ಲ. ಎಲುಬು ತಾನೇ ಕೂಡಿಕೊಳ್ಳುತ್ತದೆ. ಅದು ಕೂಡುವಷ್ಟು ಕಾಲ ತುಂಡುಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವುದು, ಅಲ್ಲಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದು, ಅವಸರದಲ್ಲಿ ಕೆಡಿಸದಿರುವುದು, ಇಷ್ಟೇ ಉಳಿದವರ ಕೆಲಸ. ಮುಂದಿನ ಹಂತಗಳೆಲ್ಲ ಇದರ ವಿವರಣೆಯೇ ಆಗಿವೆ.

ಮೊದಲು ತಿಳಿದಿರಬೇಕಾದದ್ದು: ಎಲುಬಿನ ರಚನೆ ಮತ್ತು ಬೆಳವಣಿಗೆ

ಮನೆಯಲ್ಲಿ ಮಾಂಸದಡಿಗೆ ಮಾಡುವವರು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಕೋಳಿಕಾಲಿನ ಎರಡು ಎಲುಬುಗಳನ್ನು ಚೆನ್ನಾಗಿ ತೊಳೆದು, ಒಂದನ್ನು ಗಾಜಿನ ಲೋಟದಲ್ಲಿ ವಿನೆಗರ್ ಹಾಕಿ ಒಂದು ವಾರ ನೆನೆಯಲು ಬಿಡಿ. ಇನ್ನೊಂದನ್ನು ಒಲೆಯ ಕೆಂಡದಲ್ಲಿ ಬೆಳ್ಳಗಾಗುವವರೆಗೆ ಸುಡಿ. ನೆನೆದ ಎಲುಬು ರಬ್ಬರಿನಂತೆ ಬಾಗುತ್ತದೆ, ಆದರೆ ಮುರಿಯುವುದಿಲ್ಲ. ಸುಟ್ಟ ಎಲುಬು ನೋಡಲು ಹಾಗೆಯೇ ಇದ್ದರೂ ಬೆರಳಿನಿಂದ ಒತ್ತಿದೊಡನೆ ಬಳಪದಂತೆ ಪುಡಿಯಾಗುತ್ತದೆ. ವಿನೆಗರ್ ಸುಣ್ಣದಂಶವನ್ನು ಕರಗಿಸಿತು, ಬೆಂಕಿ ನಾರನ್ನು ಸುಟ್ಟಿತು. ಎಲುಬಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ ಖನಿಜ. ಉಳಿದದ್ದರಲ್ಲಿ ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನಿನ ನಾರು ಮತ್ತು ನೀರು. ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಕಟ್ಟುವಾಗ ಕಲಸಿದ ಮಣ್ಣಿಗೆ ಹುಲ್ಲು ಸೇರಿಸುತ್ತಿದ್ದದ್ದು ಇದೇ ಕಾರಣಕ್ಕೆ: ಮಣ್ಣು ಭಾರ ಹೊರುತ್ತದೆ, ಹುಲ್ಲು ಬಿರುಕನ್ನು ತಡೆಯುತ್ತದೆ.

ಎಲುಬಿನ ಹೊರಮೈಯನ್ನು ಪೆರಿಯಾಸ್ಟಿಯಂ ಎಂಬ ತೆಳುವಾದ ಆದರೆ ಗಟ್ಟಿಯಾದ ಪೊರೆ ಸುತ್ತಿಕೊಂಡಿರುತ್ತದೆ. ಮುರಿದಾಗ ಜೀವ ಹೋಗುವಷ್ಟು ನೋವಾಗುವುದು ಮುಖ್ಯವಾಗಿ ಈ ಪೊರೆಯಲ್ಲಿರುವ ನರಗಳಿಂದ. ಮುರಿದದ್ದನ್ನು ಕಟ್ಟಲು ಮೊದಲು ಬರುವ ಕೋಶಗಳೂ ಬಹಳಷ್ಟು ಇಲ್ಲಿಂದಲೇ ಬರುತ್ತವೆ. ಪೊರೆಯ ಕೆಳಗೆ ಗಟ್ಟಿ ಎಲುಬು, ಅದರೊಳಗೆ ಕೂದಲಿಗಿಂತ ಸಪೂರವಾದ ನಾಳಗಳು, ಆ ನಾಳಗಳಲ್ಲಿ ರಕ್ತ. ತುದಿಗಳಲ್ಲಿ ಸ್ಪಂಜಿನಂತೆ ತೂತುತೂತಾದ ಎಲುಬು, ನಡುವಿನ ಟೊಳ್ಳಿನಲ್ಲಿ ಮಜ್ಜೆ. ನಲ್ಲಿ ಮೂಳೆಯನ್ನು ಚೀಪಿದವರಿಗೆ ಮಜ್ಜೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ಎಲುಬು ಒಣಕಟ್ಟಿಗೆಯಲ್ಲ. ಕತ್ತರಿಸಿದರೆ ರಕ್ತ ಸುರಿಯುವ ಜೀವಂತ ಅಂಗ. ಅದರಲ್ಲಿ ಹೊಸ ಎಲುಬನ್ನು ಕಟ್ಟುವ ಕೋಶಗಳು, ಹಳೆಯದನ್ನು ಕರಗಿಸುವ ಕೋಶಗಳು, ಒಳಗೆ ಹುದುಗಿ ಕುಳಿತು ಎಲ್ಲಿ ಭಾರ ಹೆಚ್ಚು ಬೀಳುತ್ತಿದೆ ಎಂದು ಗಮನಿಸುವ ಕೋಶಗಳು ಎಂದು ಮೂರು ಬಗೆ ಇವೆ. ದೊಡ್ಡವರಲ್ಲಿಯೂ ವರ್ಷಕ್ಕೆ ಒಟ್ಟು ಎಲುಬಿನ ಸುಮಾರು ಹತ್ತನೆಯ ಒಂದು ಪಾಲು ಹೀಗೆ ಕರಗಿ ಹೊಸದಾಗುತ್ತಲೇ ಇರುತ್ತದೆ.

ಹುಟ್ಟಿದ ಮಗುವಿನಲ್ಲಿ 270ರಿಂದ 300ರಷ್ಟು ಎಲುಬುಗಳಿದ್ದು, ಬೆಳೆಯುತ್ತಾ ಕೆಲವು ಒಂದಕ್ಕೊಂದು ಬೆಸೆದುಕೊಂಡು ದೊಡ್ಡವರಲ್ಲಿ 206 ಉಳಿಯುತ್ತವೆ. ಉದ್ದ ಎಲುಬುಗಳು ಉದ್ದವಾಗುವುದು ನಡುವಿನಲ್ಲಲ್ಲ, ತುದಿಯ ಹತ್ತಿರ ಇರುವ ಮೃದ್ವಸ್ಥಿಯ ತೆಳುಪದರದಲ್ಲಿ. ಇದನ್ನು ಬೆಳವಣಿಗೆಯ ತಟ್ಟೆ ಎನ್ನೋಣ. ಮೃದ್ವಸ್ಥಿ ಎಂದರೆ ಕಿವಿಯ ಹಾಲೆಯ ಮೇಲ್ಭಾಗದಲ್ಲಿ ಕೈಗೆ ಸಿಗುವಂಥ ಮೆತ್ತನೆಯ, ಬಾಗುವ ಎಲುಬು. ಸಾಮಾನ್ಯವಾಗಿ ಹುಡುಗಿಯರಲ್ಲಿ 14ರಿಂದ 16, ಹುಡುಗರಲ್ಲಿ 16ರಿಂದ 18ನೆಯ ವಯಸ್ಸಿನೊಳಗೆ ಕೈಕಾಲುಗಳ ಹೆಚ್ಚಿನ ತಟ್ಟೆಗಳು ಮುಚ್ಚಿಹೋಗುತ್ತವೆ. ಮಕ್ಕಳ ಎಕ್ಸ್‌ರೇಯಲ್ಲಿ ಈ ತಟ್ಟೆ ಕಪ್ಪು ಗೆರೆಯಾಗಿ ಕಾಣುವುದರಿಂದ, ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು "ಇಲ್ಲಿ ಬಿರುಕಿದೆಯಲ್ಲಾ" ಎಂದು ಗಾಬರಿಯಾಗುವ ತಂದೆತಾಯಿಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅನುಮಾನವಿದ್ದರೆ ಪೆಟ್ಟಾಗದ ಕೈಯ ಎಕ್ಸ್‌ರೇಯನ್ನೂ ತೆಗೆಸಿ ಹೋಲಿಸುವ ಪದ್ಧತಿಯಿದೆ.

ಕೈಗೆಟುಕುವಂತೆ ಇರಬೇಕಾದದ್ದು

ಮೊದಲ ಅರ್ಧ ಗಂಟೆಗೆ ಬೇಕಾದದ್ದು ಎಲ್ಲರ ಮನೆಯಲ್ಲೂ ಇರುತ್ತದೆ: ದಪ್ಪ ರಟ್ಟು ಅಥವಾ ಹಲವು ಮಡಿಕೆ ಮಾಡಿದ ದಿನಪತ್ರಿಕೆ, ಎರಡು ಟವೆಲು, ಒಂದು ಪಂಚೆ ಅಥವಾ ವೇಲು, ಕತ್ತರಿ. ಆಸ್ಪತ್ರೆಗೆ ಹೊರಡುವಾಗ ಆಧಾರ್ ಮತ್ತು ರೇಷನ್ ಕಾರ್ಡು ಜೊತೆಯಲ್ಲಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ಕೇಳುವಾಗ ಇವೆರಡೂ ಬೇಕಾಗುತ್ತವೆ. ಸಕ್ಕರೆ ಕಾಯಿಲೆ, ರಕ್ತ ತೆಳುಮಾಡುವ ಮಾತ್ರೆ ಇವುಗಳ ಹಳೆಯ ಚೀಟಿಯೂ ಇದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ ಬಹಳ ಅನುಕೂಲ. ರಸ್ತೆ ಅಪಘಾತವಾಗಿದ್ದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಿ ದಾಖಲಿಸುವ ಪ್ರಕರಣ, ಮಾಡಿಸುವುದನ್ನು ಮರೆಯಬೇಡಿ. "ಯಾಕೆ ಸುಮ್ಮನೆ ತಲೆನೋವು" ಎಂದು ಬಿಟ್ಟವರು ವಿಮೆಯ ಹಣ ಕೇಳುವಾಗ ಪರದಾಡುತ್ತಾರೆ.

ಹಂತ 1: ಬಿದ್ದ ಮೊದಲ ಅರ್ಧ ಗಂಟೆ

ಮೊದಲು ಉಸಿರು, ಪ್ರಜ್ಞೆ, ರಕ್ತಸ್ರಾವ ನೋಡಿ. ಎಲುಬಿನ ಮಾತು ಆಮೇಲೆ. 108ಕ್ಕೆ ಕರೆ ಮಾಡಿ. ತೊಡೆಯ ಎಲುಬು ಮುರಿದರೆ ಹೊರಗೆ ಒಂದು ಹನಿಯೂ ಕಾಣದೆ ತೊಡೆಯೊಳಗೇ ಒಂದರಿಂದ ಒಂದೂವರೆ ಲೀಟರ್ ರಕ್ತ ಸೋರಿಹೋಗಬಹುದು. ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದಲ್ಲಿ ಬೈಕಿನಿಂದ ಬಿದ್ದು "ಕಾಲು ಮಾತ್ರ ನೋಯುತ್ತಿದೆ" ಎನ್ನುವವರು ನೋಡನೋಡುತ್ತಲೇ ಬೆವರಿ ಬಿಳಿಚಿಕೊಳ್ಳುವುದು ಇದರಿಂದಲೇ.

ಮುರಿದ ಭಾಗವನ್ನು ಇದ್ದ ಹಾಗೆಯೇ ಆಧಾರ ಕೊಟ್ಟು ಕಟ್ಟಿ. ನಿಯಮ ಒಂದೇ: ಮುರಿದ ಜಾಗದ ಮೇಲಿನ ಕೀಲು ಮತ್ತು ಕೆಳಗಿನ ಕೀಲು ಎರಡೂ ಅಲುಗಾಡಬಾರದು. ಮುಂಗೈಯಾದರೆ ಮೊಣಕೈಯಿಂದ ಅಂಗೈವರೆಗೆ ರಟ್ಟು ಇಟ್ಟು, ಟವೆಲು ಸುತ್ತಿ, ವೇಲನ್ನು ಕುತ್ತಿಗೆಗೆ ಜೋಳಿಗೆಯಂತೆ ಕಟ್ಟಿ. ಕಾಲಾದರೆ ನಡುವೆ ಟವೆಲಿನ ಮಡಿಕೆಯಿಟ್ಟು ಪೆಟ್ಟಾಗದ ಇನ್ನೊಂದು ಕಾಲಿಗೇ ಸೇರಿಸಿ ಕಟ್ಟಬಹುದು. ಉಂಗುರ, ಬಳೆ, ಕಾಲುಂಗುರ, ಗೆಜ್ಜೆಗಳನ್ನು ಊತ ಏರುವ ಮೊದಲೇ ತೆಗೆಯಿರಿ. ಒಂದು ಗಂಟೆ ಬಿಟ್ಟರೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಮಾಡಬಾರದ್ದು ಇನ್ನೂ ಮುಖ್ಯ. ಸೊಟ್ಟಗಾಗಿರುವುದನ್ನು ಎಳೆದು ನೆಟ್ಟಗೆ ಮಾಡಬೇಡಿ. ಎಲುಬು ಚರ್ಮ ಹರಿದು ಹೊರಗೆ ಬಂದಿದ್ದರೆ ಅದನ್ನು ಒಳಗೆ ತಳ್ಳಬೇಡಿ, ಅರಿಶಿನ ಅಥವಾ ಕಾಫಿಪುಡಿ ಮೆತ್ತಬೇಡಿ. ಒಗೆದು ಒಣಗಿಸಿದ ಬಟ್ಟೆಯಿಂದ ಮುಚ್ಚಿ ಹೊರಡಿ. ಇಂಥ ತೆರೆದ ಮುರಿತಕ್ಕೆ ಸೋಂಕು ತಡೆಯುವ ಆಂಟಿಬಯೋಟಿಕ್ ಇಂಜೆಕ್ಷನ್ ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು, ಧನುರ್ವಾತದ ಚುಚ್ಚುಮದ್ದೂ ಬೇಕು. ದಾರಿಯಲ್ಲಿ ಗಾಯಾಳುವಿಗೆ ಬಾಳೆಹಣ್ಣು, ಚಹಾ ಕೊಡಬೇಡಿ. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕಾಗುತ್ತದೆ.

ಚನ್ನಗಿರಿಯ ಕಡೆ ಅಡಿಕೆ ಮರದಿಂದ ಬಿದ್ದವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಎತ್ತರದಿಂದ ಬಿದ್ದವರ ಬೆನ್ನೆಲುಬು ಮುರಿದಿರಬಹುದು ಎಂದೇ ಭಾವಿಸಿ ನಡೆದುಕೊಳ್ಳಿ. ಕಂಕುಳಿಗೊಬ್ಬರು ಕಾಲಿಗೊಬ್ಬರು ಕೈಹಾಕಿ ಎತ್ತಿದರೆ ಬೆನ್ನು ಜೋಲುತ್ತದೆ, ಮುರಿದ ತುಂಡು ಒಳಗಿನ ನರದ ಹುರಿಗೆ ಒತ್ತಬಹುದು. ಆ ಎರಡು ನಿಮಿಷದ ಅವಸರಕ್ಕೆ ಜೀವಮಾನವಿಡೀ ಹಾಸಿಗೆ ಹಿಡಿದವರಿದ್ದಾರೆ. ತಲೆ, ಕುತ್ತಿಗೆ, ಸೊಂಟ ಒಂದೇ ನೇರದಲ್ಲಿರುವಂತೆ ನಾಲ್ಕೈದು ಜನ ಸೇರಿ ದಿಮ್ಮಿ ಉರುಳಿಸುವ ಹಾಗೆ ಮಗ್ಗುಲಾಗಿಸಿ, ಅಗಲವಾದ ಹಲಗೆಯ ಮೇಲೆ ತೆಗೆದುಕೊಳ್ಳಿ.

ಹಂತ 2: ಎಕ್ಸ್‌ರೇ ಮತ್ತು ಅದರಲ್ಲಿ ಬರುವ ಹೆಸರುಗಳು

ಉಳುಕೋ ಮುರಿತವೋ ಎಂದು ಮನೆಯಲ್ಲಿ ಕುಳಿತು ಚರ್ಚಿಸುವುದರಲ್ಲಿ ಅರ್ಥವಿಲ್ಲ. ಬೆರಳು ಆಡಿಸಲು ಬರುತ್ತದೆ, ಹಾಗಾಗಿ ಮುರಿದಿಲ್ಲ ಎಂಬ ನಂಬಿಕೆ ಪೂರ್ತಿ ತಪ್ಪು. ಬೆರಳಾಡಿಸುವುದು ಸ್ನಾಯುಗಳು, ಎಲುಬು ಮುರಿದಿದ್ದರೂ ಅವು ಆಡುತ್ತವೆ. ಕೋಟೆಯ ಮೆಟ್ಟಿಲಿಳಿಯುವಾಗ ಕಾಲು ಹೊರಳಿದ್ದರೆ ಹೀಗೆ ನೋಡಿ: ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ, ಅಥವಾ ಕಾಲ್ಗಿಣ್ಣಿನ ಎಲುಬಿನ ಹಿಂಬದಿಯ ಅಂಚನ್ನು ಒತ್ತಿದಾಗ ಕಿರುಚುವಷ್ಟು ನೋವಾದರೆ ಎಕ್ಸ್‌ರೇ ಬೇಕೇಬೇಕು.

ಎಕ್ಸ್‌ರೇ ಕನಿಷ್ಠ ಎರಡು ಬದಿಯಿಂದ ತೆಗೆದಿರಬೇಕು. ಎದುರಿನಿಂದ ನೆಟ್ಟಗೆ ಕಾಣುವ ಎಲುಬು ಪಕ್ಕದಿಂದ ಪೂರಾ ಸರಿದಿರಬಹುದು. ವರದಿಯಲ್ಲಿ ಕಾಣುವ ಹೆಸರುಗಳಲ್ಲಿ, ಹೇರ್‌ಲೈನ್ ಎಂದರೆ ಕೂದಲೆಳೆಯಂಥ ಬಿರುಕು. ಜನರ ಬಾಯಲ್ಲಿ ಇದು "ಏರ್ ಕ್ರ್ಯಾಕ್" ಆಗಿದೆ. ಗಾಳಿಗೂ ಇದಕ್ಕೂ ಸಂಬಂಧವಿಲ್ಲ, ಇದು ಮುರಿತವೇ ಹೌದು, ಪಟ್ಟಿ ಬೇಡವೆಂದು ನೀವೇ ತೀರ್ಮಾನಿಸಬೇಡಿ. ಕಮಿನ್ಯೂಟೆಡ್ ಎಂದರೆ ಹಲವು ಚೂರಾದದ್ದು. ಗ್ರೀನ್‌ಸ್ಟಿಕ್ ಎಂಬುದು ಮಕ್ಕಳಲ್ಲಿ ಮಾತ್ರ: ಹಸಿ ಬೇವಿನ ಕಡ್ಡಿಯನ್ನು ಬಾಗಿಸಿದರೆ ಒಂದು ಬದಿ ಸೀಳಿ ಇನ್ನೊಂದು ಬದಿ ಬಾಗಿ ನಿಲ್ಲುತ್ತದಲ್ಲ, ಹಾಗೆ. ಸಾಲ್ಟರ್ ಹ್ಯಾರಿಸ್ ಎಂದು ಬರೆದಿದ್ದರೆ ಬೆಳವಣಿಗೆಯ ತಟ್ಟೆಗೇ ಪೆಟ್ಟು ಬಿದ್ದಿದೆ ಎಂದರ್ಥ. ಅಂಥ ಮಗುವನ್ನು ಎಲುಬು ಕೂಡಿದ ಮೇಲೂ ಒಂದು ವರ್ಷವಾದರೂ ತೋರಿಸುತ್ತಿರಬೇಕು, ಏಕೆಂದರೆ ತಟ್ಟೆಯ ಒಂದು ಬದಿ ಬೇಗ ಮುಚ್ಚಿಕೊಂಡರೆ ಕೈಕಾಲು ಬೆಳೆಯುತ್ತಾ ಸೊಟ್ಟಗಾಗುತ್ತದೆ.

ಎಕ್ಸ್‌ರೇಯೂ ಕೆಲವೊಮ್ಮೆ ಮೋಸ ಮಾಡುತ್ತದೆ. ಅಂಗೈ ಊರಿ ಬಿದ್ದವರಲ್ಲಿ, ಹೆಬ್ಬೆರಳನ್ನು ಮೇಲೆತ್ತಿದಾಗ ಅದರ ಬುಡದಲ್ಲಿ ಮೂಡುವ ಗುಳಿಯನ್ನು ಒತ್ತಿದರೆ ನೋವಿದ್ದಲ್ಲಿ, ಅಲ್ಲಿರುವ ಸ್ಕೇಫಾಯ್ಡ್ ಎಂಬ ಗೋಡಂಬಿ ಗಾತ್ರದ ಎಲುಬು ಮುರಿದಿರಬಹುದು. ಮೊದಲ ದಿನ ಅದು ಕಾಣದೆ ಇರಬಹುದಾದ್ದರಿಂದ 10ರಿಂದ 14 ದಿನಗಳ ಮೇಲೆ ಮತ್ತೆ ತೆಗೆಯುತ್ತಾರೆ. ಇದಕ್ಕೆ ರಕ್ತ ಹರಿಯುವ ದಾರಿ ಕಿರಿದು. ಅಲಕ್ಷಿಸಿದರೆ ಒಂದು ತುಂಡು ಒಣಗಿಯೇ ಹೋಗುತ್ತದೆ.

ಹಂತ 3: ಪಟ್ಟಿಯೋ, ಆಪರೇಷನ್ನೋ, ನಾಟಿ ಕಟ್ಟೋ

ತುಂಡುಗಳು ಜಾಗ ಬಿಟ್ಟು ಸರಿದಿಲ್ಲ, ಅಥವಾ ಸರಿದದ್ದನ್ನು ಹೊರಗಿನಿಂದಲೇ ಕೂರಿಸಿ ಹಿಡಿದಿಡಲು ಬರುತ್ತದೆ ಎಂದಾದರೆ ಪ್ಲಾಸ್ಟರ್ ಪಟ್ಟಿ ಸಾಕು. ಕೀಲಿನೊಳಗೆ ಮುರಿದಿದ್ದರೆ, ತೆರೆದ ಮುರಿತವಾದರೆ, ದೊಡ್ಡವರ ತೊಡೆಯೆಲುಬಾದರೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುತ್ತದೆ. ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದು "ಸೊಂಟ ಮುರಿದಿದೆ" ಎಂದಾಗ ಮುರಿದಿರುವುದು ಬಹುತೇಕ ತೊಡೆಯೆಲುಬಿನ ಮೇಲ್ತುದಿ. "ಇಷ್ಟು ವಯಸ್ಸಿಗೆ ಆಪರೇಷನ್ ಯಾಕೆ, ಮಲಗಿಸಿ ನೋಡಿಕೊಳ್ಳುತ್ತೇವೆ" ಎಂದು ಮನೆಗೆ ಕರೆದೊಯ್ಯುವವರಿಗೆ ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ: ಆ ವಯಸ್ಸಿನಲ್ಲಿ ಜೀವ ತೆಗೆಯುವುದು ಮುರಿತಕ್ಕಿಂತ ಹೆಚ್ಚಾಗಿ ಹಾಸಿಗೆ. ಬೆನ್ನಿನ ಹುಣ್ಣು, ಎದೆಯ ಕಫ, ಕಾಲಿನಲ್ಲಿ ಹೆಪ್ಪುಗಟ್ಟುವ ರಕ್ತ ಇವು ವಾರಗಳಲ್ಲಿ ಬರುತ್ತವೆ. ದೇಹ ತಡೆದುಕೊಳ್ಳುವಂತಿದ್ದರೆ ಎರಡು ದಿನಗಳೊಳಗೆ ಆಪರೇಷನ್ ಮಾಡಿಸಿ ಎಬ್ಬಿಸಿ ಕೂರಿಸುವುದೇ ಸರಿಯಾದ ದಾರಿ.

ನಾಟಿ ಕಟ್ಟಿನ ಬಗ್ಗೆ ಕೇಳದವರಿಲ್ಲ. ಬಿದಿರು ದಬ್ಬೆ, ಮೊಟ್ಟೆಯ ಲೋಳೆ, ಬಟ್ಟೆ ಸೇರಿಸಿ ಕಟ್ಟುವ ಈ ಕಟ್ಟಿನಲ್ಲೂ ಎಲುಬು ಕೂಡುತ್ತದೆ, ಏಕೆಂದರೆ ಮೊದಲೇ ಹೇಳಿದಂತೆ ಅದು ತಾನಾಗಿ ಕೂಡುವಂಥದ್ದು. ಪ್ರಶ್ನೆಯಿರುವುದು ಎರಡು ಕಡೆ: ಎಕ್ಸ್‌ರೇ ಇಲ್ಲದೆ ಕೂರಿಸಿದರೆ ಸೊಟ್ಟಗೆ ಕೂಡಬಹುದು, ಊತ ಏರುವ ಹೊತ್ತಿನಲ್ಲಿ ಬಿಗಿದು ಕಟ್ಟಿದರೆ ರಕ್ತ ನಿಂತು ಕೈಯನ್ನೇ ಕಳೆದುಕೊಳ್ಳಬಹುದು. ಮಕ್ಕಳ ಮೊಣಕೈ ಮುರಿತಕ್ಕಂತೂ ನಾಟಿ ಕಟ್ಟು ಬೇಡವೇ ಬೇಡ. ಎಣ್ಣೆ ಹಚ್ಚಿ ನೀವುವುದು ಇನ್ನೂ ಕೆಟ್ಟದ್ದು. ಪೆಟ್ಟಾದ ಮೊಣಕೈಯ ಸುತ್ತ ತಿಕ್ಕಿದರೆ ಹರಿದ ಸ್ನಾಯುವಿನೊಳಗೇ ಎಲುಬು ಬೆಳೆಯಲು ಶುರುವಾಗುತ್ತದೆ. ವೈದ್ಯರು ಮಯೋಸೈಟಿಸ್ ಎನ್ನುವ ಈ ಸ್ಥಿತಿಯಲ್ಲಿ ಕೈ ಅರ್ಧಕ್ಕೇ ಮಡಚಿ ನಿಂತುಬಿಡುತ್ತದೆ, ಊಟದ ತುತ್ತು ಬಾಯಿಗೆ ಮುಟ್ಟುವುದಿಲ್ಲ.

ಹಂತ 4: ಪಟ್ಟಿ ಹಾಕಿದ ಮೊದಲ ಎರಡು ದಿನ

ಮೊದಲ ದಿನ ಸಾಮಾನ್ಯವಾಗಿ ಸ್ಲ್ಯಾಬ್, ಅಂದರೆ ಒಂದು ಬದಿಗೆ ಮಾತ್ರ ಗಟ್ಟಿಯಿರುವ ಅರ್ಧ ಪಟ್ಟಿ, ಹಾಕುತ್ತಾರೆ. "ಅರ್ಧಂಬರ್ಧ ಹಾಕಿ ಕಳಿಸಿದರು" ಎಂದು ಬೇಸರಪಡಬೇಡಿ. ಊತಕ್ಕೆ ಜಾಗ ಬಿಡುವುದಕ್ಕಾಗಿಯೇ ಹಾಗೆ ಮಾಡುವುದು. ಊತ ಇಳಿದ ಮೇಲೆ ಪೂರ್ತಿ ಪಟ್ಟಿ. ಪ್ಲಾಸ್ಟರ್ ಕೆಲವೇ ನಿಮಿಷಗಳಲ್ಲಿ ಬಿಸಿಯಾಗಿ ಗಟ್ಟಿಯಾದರೂ ಒಳಗಿನ ತೇವ ಆರಿ ಪೂರ್ಣ ಬಲ ಬರಲು ಒಂದರಿಂದ ಮೂರು ದಿನ ಬೇಕು. ಅಷ್ಟರಲ್ಲಿ ಅದರ ಮೇಲೆ ಭಾರ ಹಾಕಿದರೆ ಒಳಗೇ ಬಿರುಕು ಬಿಡುತ್ತದೆ. ಕೈಯಾದರೆ ಎದೆಗಿಂತ ಮೇಲೆ, ಕಾಲಾದರೆ ಎರಡು ದಿಂಬಿನ ಮೇಲೆ ಎತ್ತಿಡಿ. ಪಟ್ಟಿಯ ಹೊರಗಿರುವ ಬೆರಳುಗಳನ್ನು ಎಚ್ಚರವಿದ್ದಾಗ ಗಂಟೆಗೊಮ್ಮೆ ಆಡಿಸಿ.

ಈ ಲೇಖನದಲ್ಲಿ ಒಂದೇ ಒಂದು ವಾಕ್ಯವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಮಾತ್ರೆ ನುಂಗಿದರೂ ಕಡಿಮೆಯಾಗದೆ ಏರುತ್ತಲೇ ಹೋಗುವ ನೋವು, ಬೆರಳನ್ನು ಬೇರೆಯವರು ನಿಧಾನಕ್ಕೆ ಹಿಂದಕ್ಕೆ ಬಾಗಿಸಿದಾಗ ಹೆಚ್ಚಾಗುವ ನೋವು ಇವು ಪಟ್ಟಿಯೊಳಗೆ ಒತ್ತಡ ಏರಿ ರಕ್ತ ನಿಲ್ಲುತ್ತಿರುವುದರ ಮೊದಲ ಲಕ್ಷಣ. ಜೋಮು, ಬೆರಳು ಬಿಳಿಚುವುದು, ತಣ್ಣಗಾಗುವುದು ಆಮೇಲೆ ಬರುತ್ತವೆ. ಅವು ಬರುವವರೆಗೆ ಕಾಯಬೇಡಿ. ಉಗುರನ್ನು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಕೆಂಪು ಮರಳದಿದ್ದರೂ ಅದೇ ಅರ್ಥ. ರಾತ್ರಿ ಎರಡು ಗಂಟೆಯಾಗಿರಲಿ, ಹಬ್ಬವಾಗಿರಲಿ, ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ ಪಟ್ಟಿ ಬಿಡಿಸಿ. ಸ್ನಾಯು ಸಾಯಲು ಕೆಲವೇ ಗಂಟೆ ಸಾಕು. ನನ್ನ ಬಳಿ ವ್ಯಾಯಾಮಕ್ಕೆ ಬರುತ್ತಿದ್ದ ಒಬ್ಬ ಹುಡುಗನ ಬೆರಳುಗಳು ಹದ್ದಿನ ಉಗುರಿನಂತೆ ಒಳಕ್ಕೆ ಮಡಚಿಯೇ ಉಳಿದಿದ್ದವು. ರಾತ್ರಿಯಿಡೀ ಅತ್ತ ಮಗುವನ್ನು ಮನೆಯವರು ಬೆಳಗಾಗಲಿ ಎಂದು ಸಮಾಧಾನ ಮಾಡಿದ್ದರು.

ಪಟ್ಟಿಯೊಳಗೆ ತುರಿಕೆಯಾದರೆ ಹೆಣಿಗೆ ಕಡ್ಡಿ, ಸ್ಕೇಲು ತೂರಿಸಬೇಡಿ. ಒಳಗಾದ ಗೀರು ಹುಣ್ಣಾದರೆ ವಾಸನೆ ಬರುವವರೆಗೂ ಗೊತ್ತಾಗುವುದಿಲ್ಲ.

ಹಂತ 5: ಒಳಗೆ ನಡೆಯುವ ದುರಸ್ತಿ, ವಾರ ವಾರಕ್ಕೆ

ಮುರಿದೊಡನೆ ತುಂಡುಗಳ ನಡುವೆ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಈ ಹೆಪ್ಪೇ ದುರಸ್ತಿಯ ಬುನಾದಿ. ಊತ, ಬಿಸಿ, ನೋವು ಇದರ ಗುರುತು. ಮೊದಲ ವಾರ ಸತ್ತ ಚೂರುಗಳನ್ನು ತೆರವು ಮಾಡುವ ಕೋಶಗಳು ಬಂದು, ಹಿಂದೆಯೇ ಹೊಸ ರಕ್ತನಾಳಗಳು ಚಿಗುರುತ್ತವೆ. ಎರಡು ಮೂರು ವಾರಗಳಲ್ಲಿ ನಾರು ಮತ್ತು ಮೃದ್ವಸ್ಥಿಯ ಮೆತ್ತನೆಯ ಗಂಟೊಂದು ಎರಡೂ ತುದಿಗಳನ್ನು ಅಪ್ಪಿಕೊಳ್ಳುತ್ತದೆ. ಇದಕ್ಕೆ ಕ್ಯಾಲಸ್ ಎಂದು ಹೆಸರು. ಈ ಹಂತದಲ್ಲಿ ನೋವು ಬಹುಪಾಲು ಇಳಿದಿರುತ್ತದೆ, ಮೋಸ ಹೋಗುವುದೂ ಇಲ್ಲಿಯೇ: ನೋವಿಲ್ಲವೆಂದು ಪಟ್ಟಿಯನ್ನು ತಾವೇ ಕುಯ್ದು ತೆಗೆಯುವವರು ಮೂರನೆಯ ವಾರದಲ್ಲಿ ಹೆಚ್ಚು. ಗಂಟಿನಲ್ಲಿ ಇನ್ನೂ ಸುಣ್ಣದಂಶ ಕೂಡಿರುವುದಿಲ್ಲ, ಅದು ವಿನೆಗರ್‌ನಲ್ಲಿ ನೆನೆಸಿದ ಕೋಳಿಯೆಲುಬಿನ ಸ್ಥಿತಿಯಲ್ಲಿರುತ್ತದೆ. ಭಾರ ಬಿದ್ದರೆ ಬಾಗುತ್ತದೆ.

ಮುಂದಿನ ವಾರಗಳಲ್ಲಿ ಅದರಲ್ಲಿ ಖನಿಜ ತುಂಬಿ ಗಟ್ಟಿ ಗಂಟಾಗುತ್ತದೆ. ಎಕ್ಸ್‌ರೇಯಲ್ಲಿ ಮುರಿದ ಜಾಗದ ಸುತ್ತ ಹಿಂಜಿದ ಹತ್ತಿಯಂಥ ಬಿಳಿ ಮೋಡ ಕಾಣಿಸಿಕೊಂಡು, ಅದು ದಿನೇದಿನೇ ದಟ್ಟವಾಗಿ ಅಂಚುಗಳು ಸ್ಪಷ್ಟವಾಗುತ್ತವೆ. ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಕರಗಿಸುವ ಕೋಶಗಳು ಹೆಚ್ಚಾದದ್ದನ್ನು ಕೆತ್ತಿ, ಕಟ್ಟುವ ಕೋಶಗಳು ಭಾರ ಬೀಳುವ ಕಡೆ ಸೇರಿಸಿ ಹಳೆಯ ಆಕಾರಕ್ಕೆ ತರುತ್ತವೆ. ಭಾರ ಬೀಳುವ ಕಡೆ ಎಲುಬು ಬಲಿಯುತ್ತದೆ, ಬೀಳದ ಕಡೆ ಸವೆಯುತ್ತದೆ ಎಂಬ ಈ ನಿಯಮವನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಬರೆದಿಟ್ಟರು. ವೈದ್ಯರು ಒಂದು ಹಂತದಲ್ಲಿ "ಇನ್ನು ಸ್ವಲ್ಪ ಸ್ವಲ್ಪ ಊರಿ ನಡೆಯಿರಿ" ಎನ್ನುವುದು ಇದಕ್ಕೇ.

ಅಂದಾಜು ಲೆಕ್ಕ ಹೀಗಿದೆ. ದೊಡ್ಡವರಲ್ಲಿ ಮಣಿಕಟ್ಟಿಗೆ ಸುಮಾರು 6 ವಾರ, ಕೊರಳೆಲುಬಿಗೆ 6ರಿಂದ 8, ಸ್ಕೇಫಾಯ್ಡ್‌ಗೆ 8ರಿಂದ 12, ಮೊಣಕಾಲ ಕೆಳಗಿನ ದೊಡ್ಡ ಎಲುಬಿಗೆ 12ರಿಂದ 16 ವಾರ ಅಥವಾ ಇನ್ನೂ ಹೆಚ್ಚು, ತೊಡೆಯೆಲುಬಿಗೆ 3ರಿಂದ 6 ತಿಂಗಳು. ಮಕ್ಕಳಲ್ಲಿ ಇದರ ಅರ್ಧ ಎಂದಿಟ್ಟುಕೊಳ್ಳಿ. ಅವರ ಪೊರೆ ದಪ್ಪ, ರಕ್ತ ಸಮೃದ್ಧ. ಪಕ್ಕದ ಮನೆಯವರಿಗೆ ನಾಲ್ಕು ವಾರಕ್ಕೇ ಬಿಚ್ಚಿದರು ಎಂದು ನಿಮಗೂ ಬಿಚ್ಚಬೇಕೆಂದಿಲ್ಲ, ಅವರದು ಯಾವ ಎಲುಬು ಎಂದು ಮೊದಲು ಕೇಳಿ. ಸುಮಾರು 9 ತಿಂಗಳಾದರೂ ಕೂಡದೆ, ಕೊನೆಯ 3 ತಿಂಗಳ ಎಕ್ಸ್‌ರೇಗಳಲ್ಲಿ ಏನೂ ಮುಂದುವರಿದಿಲ್ಲವಾದರೆ ಅದನ್ನು ನಾನ್‌ಯೂನಿಯನ್, ಅಂದರೆ ಕೂಡದ ಮುರಿತ, ಎನ್ನುತ್ತಾರೆ. ಅದಕ್ಕೂ ದಾರಿಯಿದೆ: ಸೊಂಟದ ಎಲುಬಿನಿಂದ ಚೂರು ತೆಗೆದು ಇಡುವುದು, ಅಥವಾ ರಷ್ಯಾದ ಕುರ್ಗಾನ್‌ನಲ್ಲಿ ಗವ್ರೀಲ್ ಇಲಿಜರೋವ್ ರೂಪಿಸಿದ ಉಂಗುರಗಳ ಚೌಕಟ್ಟು. ಆ ಚೌಕಟ್ಟಿನಲ್ಲಿ ಎಲುಬನ್ನು ದಿನಕ್ಕೆ 1 ಮಿಲಿಮೀಟರಿನಂತೆ ಎಳೆದು ನಡುವೆ ಹೊಸ ಎಲುಬನ್ನೇ ಬೆಳೆಸುತ್ತಾರೆ.

ಹಂತ 6: ಊಟ, ಬಿಸಿಲು, ಬೀಡಿ ಮತ್ತು ಬೋರ್‌ವೆಲ್ ನೀರು

ದೊಡ್ಡವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಇದೆ. ಅಷ್ಟೇ ಜೋಳದಲ್ಲಿ 30ರ ಒಳಗೆ. ಹಾಗಾಗಿ ರೊಟ್ಟಿ ಉಣ್ಣುವ ಮನೆಗಳಲ್ಲಿ ಮುರಿತದ ಕಾಲಕ್ಕಾದರೂ ದಿನಕ್ಕೊಂದು ಹೊತ್ತು ಮುದ್ದೆ ಅಥವಾ ರಾಗಿ ಅಂಬಲಿ ಇರಲಿ. 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ; ನುಗ್ಗೆಸೊಪ್ಪು, ಹುರುಳಿ, ಎಳ್ಳಿನ ಚಟ್ನಿಪುಡಿ ಇವೆಲ್ಲ ಒಳ್ಳೆಯವು. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲಿರುವ ಆಕ್ಸಲೇಟ್ ಅದನ್ನು ದೇಹಕ್ಕೆ ಸೇರಗೊಡುವುದಿಲ್ಲ. ಕಾಲುಸೂಪು ಕುಡಿದರೆ ಎಲುಬು ಬೇಗ ಕೂಡುತ್ತದೆ ಎಂಬ ಮಾತಿದೆ. ಕುಡಿಯುವವರು ಕುಡಿಯಲಿ, ಆದರೆ ಎಲುಬಿನ ಸುಣ್ಣ ನೀರಿನಲ್ಲಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಸಸ್ಯಾಹಾರಿಗಳು ಏನೋ ಕಳೆದುಕೊಂಡೆವೆಂದು ಕೊರಗಬೇಕಿಲ್ಲ. ನಾರಿಗೆ ಪ್ರೋಟೀನು ಬೇಕಾದ್ದರಿಂದ ಬೇಳೆ, ಕಾಳು, ಶೇಂಗಾ, ಮೊಟ್ಟೆ ಹೆಚ್ಚಿಸಿ. ಮಂಡಕ್ಕಿ ಮಿರ್ಚಿಯಿಂದ ಹೊಟ್ಟೆ ತುಂಬುತ್ತದೆ, ಎಲುಬಿಗೆ ಸಿಗುವುದು ಕಡಿಮೆ.

ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ವಿಟಮಿನ್ ಡಿ ಬೇಕು. ಎಳೆಬಿಸಿಲೇ ಶ್ರೇಷ್ಠವೆಂದು ನಂಬಿದ್ದೇವೆ, ಆದರೆ ಚರ್ಮದಲ್ಲಿ ವಿಟಮಿನ್ ತಯಾರಿಸುವ ಕಿರಣಗಳು ಸೂರ್ಯ ಏರಿದ ಮೇಲೆಯೇ ಹೆಚ್ಚು. ಹತ್ತು ಗಂಟೆಯ ನಂತರ ಕೈಕಾಲು ತೆರೆದು ಇಪ್ಪತ್ತು ನಿಮಿಷ ಅಂಗಳದಲ್ಲಿ ಕುಳಿತರೆ ಫಲವುಂಟು, ಗಾಜಿನ ಕಿಟಕಿಯ ಹಿಂದೆ ಕುಳಿತರೆ ಇಲ್ಲ. ವಾರಕ್ಕೊಂದರಂತೆ ಬರೆದುಕೊಟ್ಟ 60,000 ಯೂನಿಟ್ಟಿನ ಪುಡಿಯ ಪೊಟ್ಟಣವನ್ನು ದಿನಕ್ಕೊಂದು ತೆಗೆದುಕೊಂಡು ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿಕೊಂಡು ಬಂದವರಿದ್ದಾರೆ. ಚೀಟಿಯಲ್ಲಿರುವುದನ್ನು ಎರಡು ಸಲ ಓದಿಸಿಕೊಳ್ಳಿ.

ಬೀಡಿ, ಸಿಗರೇಟು ಬಿಡಲೇಬೇಕು. ನಿಕೋಟಿನ್ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಎಲೆಯಡಿಕೆಯ ಜೊತೆ ಕಡ್ಡಿಪುಡಿ ಹಾಕುವವರಿಗೂ ಇದು ಅನ್ವಯಿಸುತ್ತದೆ, ಹೊಗೆಯಿಲ್ಲವೆಂದು ನಿಕೋಟಿನ್ ಇಲ್ಲದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೂ ಕೂಡುವುದು ತಡ.

ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಯವರು ಇನ್ನೊಂದನ್ನು ಗಮನಿಸಬೇಕು. ಈ ಭಾಗದ ಹಲವು ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಮೂಡುತ್ತದೆ, ದೊಡ್ಡವರ ಬೆನ್ನು ಮತ್ತು ಕೀಲು ಬಿಗಿಯುತ್ತವೆ. ಅಂಥ ಎಲುಬು ಎಕ್ಸ್‌ರೇಯಲ್ಲಿ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ಗಟ್ಟಿಯಿದೆ ಎಂದು ಮೋಸ ಹೋಗಬಾರದು, ಅದು ಪೆಡಸು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚಾಗುತ್ತದೆ. ಶುದ್ಧ ನೀರಿನ ಘಟಕದ ಆರ್‌ಒ ನೀರನ್ನು ಕುಡಿಯಲು ಮಾತ್ರವಲ್ಲ, ಅಡಿಗೆಗೂ ಬಳಸಿ.

ಐವತ್ತು ದಾಟಿದ ಮಹಿಳೆಯರು ಸಣ್ಣ ಎಡವಿಗೇ ಮಣಿಕಟ್ಟು ಮುರಿದುಕೊಂಡಿದ್ದರೆ ಡೆಕ್ಸಾ ಎಂಬ ಎಲುಬಿನ ಸಾಂದ್ರತೆಯ ಪರೀಕ್ಷೆ ಮಾಡಿಸಿ. ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಎಲುಬು ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಇದೆ ಎಂದರ್ಥ, ಅದಕ್ಕೆ ಬೇರೆಯೇ ಔಷಧಿ ಬೇಕು. ಉಚಿತ ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಯಂತ್ರದ ಅಂಕಿಯನ್ನು ಡೆಕ್ಸಾ ಎಂದು ತಿಳಿಯಬೇಡಿ.

ಹಂತ 7: ಪಟ್ಟಿ ಬಿಚ್ಚಿದ ಮೇಲೆ

ಬಿಚ್ಚಿದ ಕಾಲು ನಿಮ್ಮದೇ ಎಂದು ನಂಬಲು ಕಷ್ಟವಾಗುತ್ತದೆ: ಚರ್ಮ ಹೊಪ್ಪಳೆ ಎದ್ದು ಉದುರುತ್ತದೆ, ಮೀನಖಂಡ ಅರ್ಧ ಕರಗಿರುತ್ತದೆ, ಸಂಜೆ ಪಾದ ಊದುತ್ತದೆ. ಇವೆಲ್ಲ ಸಹಜ. ಆದರೆ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ರಕ್ತ ಹೆಪ್ಪುಗಟ್ಟಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ಉಗುರುಬೆಚ್ಚಗಿನ ನೀರಿನಲ್ಲಿ ಕೈಯನ್ನೋ ಪಾದವನ್ನೋ ಹತ್ತು ನಿಮಿಷ ಇಟ್ಟು, ನೀರೊಳಗೇ ಕೀಲನ್ನು ನೀವೇ ಆಡಿಸಿ. ದಿನಕ್ಕೆ ಒಂದು ಗಂಟೆ ಒಮ್ಮೆಲೇ ಮಾಡುವುದಕ್ಕಿಂತ ಹತ್ತು ಹತ್ತು ನಿಮಿಷದಂತೆ ಐದಾರು ಸಲ ಮಾಡುವುದು ಮೇಲು. ಬೇರೆಯವರಿಂದ ಒತ್ತಿಸಿ ಬಾಗಿಸಬೇಡಿ, ಮಕ್ಕಳ ಮೊಣಕೈಯನ್ನಂತೂ ಮುಟ್ಟಿಸಲೇ ಬೇಡಿ; ಆಟವಾಡುತ್ತಾ ಅದು ತಾನಾಗಿ ಬಿಡುತ್ತದೆ, ಕೆಲವು ತಿಂಗಳು ಹಿಡಿಯಬಹುದು. ವ್ಯಾಯಾಮದ ನೋವು ಅರ್ಧ ಗಂಟೆಯಲ್ಲಿ ಇಳಿದರೆ ಅಳತೆ ಸರಿಯಿದೆ. ಮರುದಿನವೂ ಉಳಿದು ಊತ ಹೆಚ್ಚಿದರೆ ನೀವು ಮಿತಿ ಮೀರಿದ್ದೀರಿ. ವಾಕರ್‌ನಿಂದ ಕೋಲಿಗೆ ಬಂದಾಗ ಕೋಲನ್ನು ಪೆಟ್ಟಾಗದ ಕಡೆಯ ಕೈಯಲ್ಲಿ ಹಿಡಿಯಬೇಕು. ನೂರಕ್ಕೆ ಎಂಬತ್ತು ಜನ ಎಂದು ನನಗನಿಸುವಷ್ಟು ಮಂದಿ ಇದನ್ನು ತಿರುಗುಮುರುಗಾಗಿ ಹಿಡಿಯುತ್ತಾರೆ.

ಹಂತ 8: ರಾಡ್, ಪ್ಲೇಟು ತೆಗೆಸಬೇಕೇ

ದೊಡ್ಡವರಲ್ಲಿ ತೆಗೆಸಲೇಬೇಕೆಂಬ ನಿಯಮವಿಲ್ಲ. ಚರ್ಮದಡಿ ಚುಚ್ಚುತ್ತಿದ್ದರೆ, ಸ್ಕ್ರೂ ಸಡಿಲಾಗಿದ್ದರೆ, ಸೋಂಕಾಗಿದ್ದರೆ ತೆಗೆಯುತ್ತಾರೆ. ಬೆಳೆಯುವ ಮಕ್ಕಳಲ್ಲಿ ಎಲುಬು ಅದರ ಮೇಲೆ ಬೆಳೆದು ಮುಚ್ಚಿಕೊಳ್ಳುವ ಮೊದಲೇ ತೆಗೆಯುವುದು ರೂಢಿ. ಚಳಿಗಾಲದಲ್ಲಿ ಜುಮುಗುಟ್ಟುತ್ತದೆ ಎಂಬ ಒಂದೇ ಕಾರಣಕ್ಕೆ ಇನ್ನೊಂದು ಆಪರೇಷನ್ನಿಗೆ ಒಳಗಾಗುವ ಮುನ್ನ, ಆ ನೋವು ಲೋಹದಿಂದಲೇ ಬರುತ್ತಿದೆಯೇ ಎಂದು ವೈದ್ಯರನ್ನು ಕೇಳಿ; ತೆಗೆಸಿದ ಮೇಲೂ ನೋವು ಉಳಿದವರು ಕಡಿಮೆಯಿಲ್ಲ. ಆಪರೇಷನ್ನಿನ ವಿವರ ಮತ್ತು ಹಾಕಿದ ಲೋಹದ ಸ್ಟಿಕ್ಕರು ಇರುವ ಡಿಸ್ಚಾರ್ಜ್ ಚೀಟಿಯನ್ನು ಲ್ಯಾಮಿನೇಟ್ ಮಾಡಿಸದೆ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಡಿ. ಯಾವ ಕಂಪನಿಯ ಯಾವ ಅಳತೆಯ ಸ್ಕ್ರೂ ಎಂದು ಗೊತ್ತಿಲ್ಲದಿದ್ದರೆ ಹೊಂದುವ ಸ್ಕ್ರೂಡ್ರೈವರ್ ಸಿಗದೆ, ಆಪರೇಷನ್ ಟೇಬಲ್ಲಿನ ಮೇಲೆ ಅರ್ಧ ಗಂಟೆಯ ಕೆಲಸ ಎರಡು ಗಂಟೆಯಾಗುತ್ತದೆ. ಮುಂದೆಂದಾದರೂ ಎಂಆರ್‌ಐ ಮಾಡಿಸುವಾಗಲೂ ಅದೇ ಚೀಟಿ ತೋರಿಸಿ.

ಪ್ಲೇಟು ತೆಗೆದ ದಿನದಿಂದ ಎಲುಬಿನಲ್ಲಿ ಸ್ಕ್ರೂಗಳಿದ್ದ ಕಡೆ ಸಾಲಾಗಿ ತೂತುಗಳು ಉಳಿದಿರುತ್ತವೆ. ಅವು ತುಂಬಿಕೊಳ್ಳುವವರೆಗೆ, ಅಂದರೆ ಆರು ವಾರದಿಂದ ಮೂರು ನಾಲ್ಕು ತಿಂಗಳವರೆಗೆ, ಮೂಟೆ ಹೊರುವುದು, ಜಿಗಿಯುವುದು, ಕಬಡ್ಡಿ ಆಡುವುದು ಬೇಡ. ಎರಡನೆಯ ಸಲ ಅದೇ ಜಾಗದಲ್ಲಿ ಮುರಿದುಕೊಂಡು ಬರುವವರಲ್ಲಿ ಬಹಳಷ್ಟು ಮಂದಿ ಈ ಅವಧಿಯವರೇ.